ಹೋಳಿಗೆ ಡಬ್ಬಿಯ ನಾಲಿಗೆ

ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಔಷಧಿ ಬಾಟಲಿಯ ಚೀಟಿಯನ್ನು ಮೂರು ಸಲ ಓದಿದ್ದೇನೆ. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಸಿರಿಂಜಿಗೆ ಎಳೆಯುವಾಗ ಒಮ್ಮೆ, ಬಾಟಲಿಯನ್ನು ಮರಳಿ ಇಡುವಾಗ ಒಮ್ಮೆ. ತರಬೇತಿಯ ಮೊದಲ ವಾರ ಕಲಿಸಿದ ಪಾಠ ಅದು. ಹಬ್ಬದ ದಿನ ಬಿಡಲಿಲ್ಲ, ಜ್ವರ ಬಂದ ದಿನ ಬಿಡಲಿಲ್ಲ. ಹೀಗೆ ಬದುಕಿದವಳ ಕಣ್ಣಿಗೆ ಒಂದು ಹೋಳಿಗೆ ಡಬ್ಬಿ ಮಣ್ಣೆರಚಿತು ಎಂದರೆ ನನಗೇ ನಂಬಲಾಗುವುದಿಲ್ಲ. ಇಪ್ಪತ್ತು ವರ್ಷಗಳ ಮೇಲಾಯಿತು. ಸಿಟ್ಟು ಇನ್ನೂ ಆರಿಲ್ಲ. ಆರದಿರಲು ಬೇರೆ ಕಾರಣವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಿವೃತ್ತಿಯ ಮೇಲೆ ನಾನು ಮೂಡಲಗಿಗೆ ಬಂದು ನೆಲೆಸಿದೆ. ಬಾಜೂ ಮನೆಯವರು ಜೈನರು. ನಾಲ್ಕು ತಲೆಮಾರಿನಿಂದ ಅದೇ ಓಣಿ, ಕಬ್ಬಿನ ಹೊಲ, ಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆಯ ಹಿರಿಯರನ್ನು ಓಣಿಯೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೋಗಿ ನಾನು ಇಂಜೆಕ್ಷನ್ ಕೊಡುತ್ತಿದ್ದೆ. ಏಳು ಎಂದರೆ ಏಳು. ಆ ಹೊತ್ತಿಗೆ ಅವರ ಸೊಸೆ ಒಲೆಯ ಮುಂದೆ ಇರುತ್ತಿದ್ದಳು. ಅತ್ತೆ ಹಾಸಿಗೆಯಿಂದಲೇ ಕೂಗಿ ಹೇಳುತ್ತಿದ್ದರು, "ಶೇಂಗಾ ಕರಿ ಆದ್ವು, ವಾಸನಿ ಬರಾಕತ್ತೇತಿ, ಇಳಸ." ನಡುಮನೆಯಲ್ಲಿ ಮಲಗಿ ಮೂಗಿನಿಂದಲೇ ಅಡುಗೆ ಮಾಡುತ್ತಿದ್ದ ಹೆಂಗಸು ಅವರು. ಎರಡು ವರ್ಷದಲ್ಲಿ ಸೊಸೆಗೆ ಅತ್ತೆಯ ಶೇಂಗಾ ಹೋಳಿಗೆ ಪೂರ್ತಿ ಕೈವಶವಾಯಿತು. ಅಷ್ಟರಲ್ಲಿ ಅತ್ತೆ ಹೋದರು.

ವರ್ಷದ ಕಾರ್ಯ ಮುಗಿದ ಮೇಲೆ ಸೊಸೆ ಒಂದು ದಿನ ನನ್ನ ಕಟ್ಟೆಗೆ ಬಂದು ಕೂತಳು. ಆಗ ಅವಳಿಗೆ ನಲವತ್ತೈದರ ಆಸುಪಾಸು.

"ಅಕ್ಕಾರ, ಹುಕ್ಕೇರಿ ಕಿರಾಣಿ ಅಂಗಡಿಯವ್ರು ಲಗ್ನದಾಗ ನನ್ನ ಹೋಳಿಗಿ ತಿಂದಿದ್ರು. ಪಂಚಮಿಗೆ ಛಾಪಿಸಿದ ಬಾಕ್ಸಿನ್ಯಾಗ ಹಾಕಿ ಕೊಡ್ರಿ, ಅಂಗಡ್ಯಾಗ ಮುಂದಿನ ಸಾಲಿನ್ಯಾಗ ಇಡ್ತೇನಿ ಅಂದಾರ. ಮಾಡ್ಲೇನ್ರಿ?"

"ಮಾಡು. ನನ್ನ ಯಾಕ ಕೇಳ್ತಿ?"

"ಮಾವಾರಿಗೆ ಹೇಳಾಕ ಯಾರರೆ ಬೇಕಲ್ರಿ. ಇಪ್ಪತ್ತೈದು ವರ್ಷ ಈ ಮನ್ಯಾಗ ರೊಟ್ಟಿ ಬಡದೇನಿ ಅಕ್ಕಾರ. ಇದು ನಂದು ಅನ್ನೂವಂಥಾದ್ದು ಒಂದು ಕೆಲಸ ಬೇಕಾಗೇತಿ."

ಹೇಳಲು ಹೋದೆ. ಕಾಕಾ ಓದುತ್ತಿದ್ದ ಮರಾಠಿ ಪತ್ರಿಕೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. "ನಮ್ಮ ಮನ್ಯಾಗ ಹೋಳಿಗಿ ಮಂದೀಗೆ ಉಣಸಾಕ ಮಾಡ್ತಾರ, ಮಾರಾಕಲ್ಲ," ಎಂದರು. ನಾನು ವಾದ ಮಾಡಲಿಲ್ಲ. ಮೂರು ದಿನ ಬಿಟ್ಟು ಅವರೇ ಕರೆದರು.

"ಮಾಡ್ಲಿ. ಆದ್ರ ಹೋದಾಕಿ, ಅವರತ್ತಿ ಹೆಸರಿನ ಮ್ಯಾಲ ಮಾಡ್ಲಿ. ಆಕಿ ಹೆಸರು ಬಾಕ್ಸಿನ ಮ್ಯಾಲ ಮರ್ಯಾದಿಲೆ ಇರಬೇಕು. ಮೊದಲನೇ ಬಾಕ್ಸ ನನ್ನ ಮುಂದ ತರ್ರಿ. ನನ್ನ ಮನಸಿಗೆ ಬರಲಿಲ್ಲಂದ್ರ ಅಲ್ಲಿಗೆ ಮುಗೀತು, ಮತ್ತ ಆ ಮಾತು ಎತ್ತಬ್ಯಾಡ್ರಿ."

ಕಾಕಾ ಆಡಿದ ಮಾತನ್ನು ಬದಲಿಸಿದ್ದನ್ನು ಆ ಓಣಿ ಕಂಡದ್ದು ಅದೇ ಮೊದಲು, ಎರಡನೆಯ ಸಲ ಬದಲಿಸುವವರಲ್ಲ. ಸೊಸೆಯ ಕೆಲಸ ಉಳಿಯುವುದೂ ಅಳಿಯುವುದೂ ಒಂದು ರಟ್ಟಿನ ಡಬ್ಬಿಯ ಮೇಲೆ ನಿಂತಿತು. ಅವಳಿಗೆ ಮನೆ ಬಿಟ್ಟು ಓಡಾಡುವ ಹಾಗಿರಲಿಲ್ಲ. ಸೂರ್ಯ ಮುಳುಗುವ ಮೊದಲು ಆ ಮನೆಯ ಊಟ ಮುಗಿಯಬೇಕು, ಎಮ್ಮೆಗಳನ್ನು ನೋಡಬೇಕು. ನನಗೆ ಸಮಯವಿತ್ತು, ಅಚ್ಚುಕಟ್ಟಿನ ಹೆಮ್ಮೆಯೂ ಇತ್ತು. "ಡಬ್ಬಿ ನನಗ ಬಿಡು," ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ.

ಒಂದು ನೋಟ್‌ಬುಕ್ಕಿನಲ್ಲಿ ಡಬ್ಬಿಯ ಮೇಲೆ ಬರಬೇಕಾದ ಮಾತುಗಳನ್ನೆಲ್ಲ ಅನುಕ್ರಮವಾಗಿ ಬರೆದೆ. ಮೊದಲು 'ಮಾತೋಶ್ರೀ' ಎಂದು ಗೌರವಕ್ಕೆ ಸೇರಿಸಿ ಅತ್ತೆಯ ಹೆಸರು. ಆಮೇಲೆ ದೊಡ್ಡದಾಗಿ ಶೇಂಗಾ ಹೋಳಿಗೆ. ಆಮೇಲೆ ಏನೇನು ಹಾಕಿದೆ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಸಸ್ಯಾಹಾರದ ಹಸಿರು ಗುರುತು. ಹುಕ್ಕೇರಿಯಲ್ಲಿ ರಟ್ಟಿನ ಡಬ್ಬಿ ಛಾಪಿಸುವ ಪ್ರೆಸ್ ಒಂದಿತ್ತು. ಅವರು ಡಬ್ಬಿಯನ್ನು ಬಿಚ್ಚಿ ಹರಡಿದರೆ ಹೇಗೆ ಕಾಣುತ್ತದೋ ಆ ಆಕಾರದ ನಕಾಶೆಯನ್ನು ಫ್ಲಾಪಿಯಲ್ಲಿ ಹಾಕಿಕೊಟ್ಟರು. "ಅಕ್ಷರ ನಾವು ಕೂಡ್ಸೂದಿಲ್ರಿ. ಗೋಕಾಕದಾಗ ಕಂಪ್ಯೂಟರ್‌ದವ್ರ ಕಡೆ ಮಾಡಿಸ್ಕೊಂಡು ಬರ್ರಿ," ಎಂದರು.

ಗೋಕಾಕದ ಕಂಪ್ಯೂಟರ್‌ನವರು ಎಂದರೆ ನನಗೆ ಸಿಕ್ಕವರು ಪೇಂಟರ್ ಸಾಹೇಬರು. ನನಗಿಂತ ಎರಡು ವರ್ಷ ದೊಡ್ಡವರು. ಮೂವತ್ತು ವರ್ಷ ಅಂಗಡಿಗಳ ಬೋರ್ಡು ಬರೆದಿದ್ದರು. ಛಾಪಿಸಿದ ಪ್ಲಾಸ್ಟಿಕ್ ಬೋರ್ಡುಗಳು ಬಂದು ಕುಂಚಕ್ಕೆ ಕೆಲಸವಿಲ್ಲದಾದಾಗ, ಇರುವ ಒಂದು ಕೋಣೆಯಲ್ಲಿ ಬಣ್ಣದ ಡಬ್ಬಗಳನ್ನು ಮೂಲೆಗೆ ಸರಿಸಿ ಕಂಪ್ಯೂಟರ್ ತಂದಿಟ್ಟಿದ್ದರು. ಕೆಲಸ ಬದಲಾಗಿತ್ತು, ಕೈಯ ರೂಢಿ ಬದಲಾಗಿರಲಿಲ್ಲ. ಮೌಸನ್ನು ಕುಂಚದ ಹಾಗೆ ಮೂರು ಬೆರಳಿನಲ್ಲಿ ಹಿಡಿಯುತ್ತಿದ್ದರು.

ಮೊದಲ ದಿನ ಅವರು 'ಶೇಂಗಾ ಹೋಳಿಗೆ' ಎಂದು ಟೈಪು ಮಾಡಿದರು. ಸೊಗಸಾಗಿ ಬಂತು. ನಾನು ನೋಟ್‌ಬುಕ್ಕಿನಲ್ಲಿ ಅದಕ್ಕೆ ಗುರುತು ಹಾಕಿ ತಲೆ ಎತ್ತುವಷ್ಟರಲ್ಲಿ ಆ ಅಕ್ಷರಗಳು ಎಡದಿಂದ ಬಲಕ್ಕೆ ಉಬ್ಬಿ ಕೂತಿದ್ದವು.

"ಸಾಹೇಬ್ರ, ಅಕ್ಷರಕ್ಕ ಏನಾತ್ರಿ? ಜಲೋದರ ಆದಂಗ ಕಾಣಾಕತ್ತಾವು."

"ಬಾಜೂಕ ಜಾಗಾ ಖಾಲಿ ಉಳದಿತ್ತಲ್ರಿ ಬಾಯಾರ. ಮೂಲಿ ಹಿಡದು ಎಳದೆ. ಖಾಲಿ ಬಿಟ್ರ ಗಿರಾಕಿ ಬೈತಾನ್ರಿ."

"ಇಲ್ಲಿ ಗಿರಾಕಿ ನಾನು. ಖಾಲಿ ಬಿಟ್ರ ಬೈಯೂದಿಲ್ಲ. ತುಂಬಿದ್ರ ಬೈತೇನಿ."

ಅವರು ನಕ್ಕು ಒಳಕ್ಕೆ ಒತ್ತಿದರು. ಈಗ ಅಕ್ಷರಗಳು ಬಡಕಲಾಗಿ ಮೇಲೆದ್ದವು. "ಈಗ ಕ್ಷಯ ಹತ್ತೇತಿ," ಎಂದೆ. "ನಿಮ್ಮ ಕಣ್ಣಿಗೆ ಎಲ್ಲಾರೂ ಪೇಶಂಟ್ ಆಗ್ಯಾರ್ರಿ," ಎಂದರು. ಅಕ್ಷರವನ್ನು ಮೂಲೆ ಹಿಡಿದು ಎಳೆಯಬಾರದು, ಅಳತೆಯ ಸಂಖ್ಯೆ ಕೊಟ್ಟು ದೊಡ್ಡದು ಮಾಡಬೇಕು ಎಂದು ಅವರ ಸಾಫ್ಟ್‌ವೇರಿನ ಪುಸ್ತಕದಲ್ಲೇ ಬರೆದಿತ್ತು. ಪುಸ್ತಕದ ಮೇಲೆ ಅವರು ಚಹಾದ ಕಪ್ಪು ಇಟ್ಟಿದ್ದರು. ಆ ಪುಟವನ್ನು ನಾನೇ ಓದಿ ಹೇಳಿದೆ. ಒಪ್ಪಿದರು. ಒಪ್ಪಿ ಮುಂದಿನ ಸಾಲನ್ನು ಮತ್ತೆ ಎಳೆದರು. ಬೋರ್ಡಿನ ಉದ್ದಕ್ಕೆ ಅಕ್ಷರ ಹೊಂದಿಸಿದ ಕೈ ಅದು, ನಿಲ್ಲಲಿಲ್ಲ.

ಆಮೇಲೆ ನನ್ನದೇ ಹಟ ಒಂದು ಶುರುವಾಯಿತು. ಏನೇನು ಹಾಕಿದೆ ಎಂಬ ನಾಲ್ಕು ಸಾಲು ಎಡಕ್ಕೂ ಬಲಕ್ಕೂ ಒಂದೇ ನೇರಕ್ಕೆ ಮುಗಿಯಬೇಕೆಂದೆ. ವಾರ್ಡಿನ ಹಾಸಿಗೆಯ ಅಂಚು ಹಾಗಿರುತ್ತಿತ್ತು, ಒಂದು ಬೆರಳು ಆಚೀಚೆ ಆದರೆ ನಾನು ಬಿಚ್ಚಿಸಿ ಮತ್ತೆ ಹಾಸಿಸುತ್ತಿದ್ದೆ. ಸಾಹೇಬರು ಗುಂಡಿ ಒತ್ತಿದರು. ಅಂಚು ನೇರವಾಯಿತು, ಕನ್ನಡ ಹಾಳಾಯಿತು. ಆಗಿನ ಕನ್ನಡ ಅಕ್ಷರಗಳನ್ನು ಕಂಪ್ಯೂಟರ್ ಒಂದೇ ಅಕ್ಷರವೆಂದು ತಿಳಿಯುತ್ತಿರಲಿಲ್ಲ. ಮೈ ಒಂದು ತುಂಡು, ತಲೆಯ ಗುಡಿಸು ಒಂದು ತುಂಡು, ಕೆಳಗಿನ ಒತ್ತು ಇನ್ನೊಂದು ತುಂಡು. ಸಾಲನ್ನು ಅಗಲಿಸಿದಾಗ ತುಂಡುಗಳ ನಡುವೆಯೂ ಅಂತರ ಬಿತ್ತು. 'ಬೆಲ್ಲ'ದ ಒತ್ತು ಬೆಲ್ಲವನ್ನು ಬಿಟ್ಟು ಮುಂದಿನ ಪದದ ಕೆಳಗೆ ಹೋಗಿ ನಿಂತಿತು. 'ಎಣ್ಣೆ'ಯದು ಎಲ್ಲಿ ಹೋಯಿತೋ ಹುಡುಕಬೇಕಾಯಿತು.

"ಇದನ್ನ ಸರಿ ಮಾಡ್ರಿ," ಎಂದೆ.

"ಅಂಚು ನೆಟ್ಟಗ ಬೇಕೋ, ಅಕ್ಷರ ನೆಟ್ಟಗ ಬೇಕೋ, ಒಂದ ಹೇಳ್ರಿ ಬಾಯಾರ."

ಜೀವನದಲ್ಲಿ ಮೊದಲ ಸಲ ನಾನು ಓರೆ ಅಂಚನ್ನು ಒಪ್ಪಿಕೊಂಡೆ. ಮನೆಗೆ ಬಂದರೂ ಆ ಓರೆ ಕಣ್ಣಲ್ಲೇ ಕಟ್ಟಿತ್ತು.

ಎರಡನೆಯ ದಿನ ಸಾಲುಗಳನ್ನು ಒಂದರ ಮೈಗೆ ಒಂದು ಅಂಟಿಸಿಬಿಟ್ಟಿದ್ದರು. ಮೇಲಿನ ಸಾಲಿನ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲೆಯ ಮೇಲೆ ಇಳಿದಿತ್ತು. ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು, ನಮ್ಮ ಅಕ್ಷರಕ್ಕೆ ಮೇಲೆಯೂ ಜನ, ಕೆಳಗೆಯೂ ಜನ. ಸ್ಕೇಲು ಹಿಡಿದು ನಾನೇ ಪರದೆಯ ಮೇಲೆ ಅಳೆದೆ. "ಗಾಜು ಗೀರೀತ್ರಿ," ಎಂದು ಅವರು ಹೌಹಾರಿದರು. ಸಾಲು ಸಾಲನ್ನೂ ಬಿಡಿಸಿ, ತೂಕದ ಅಂಕಿಯನ್ನು ದಪ್ಪ ಮಾಡಿ, ಹಸಿರು ಗುರುತನ್ನು ಮೂಲೆಗೆ ಕೂರಿಸಿ ಇನ್ನೇನು ಮುಗಿಯಿತು ಎನ್ನುವಾಗ ಕರೆಂಟು ಹೋಯಿತು.

"ಸೇವ್ ಮಾಡಿದ್ರಿಲ್ರಿ?"

ಸಾಹೇಬರು ಕತ್ತಲಾದ ಪರದೆಯನ್ನೇ ನೋಡುತ್ತ ಕೂತಿದ್ದರು. "ಬೋರ್ಡಿಗೆ ಸೇವ್ ಎಲ್ಲಿತ್ರಿ ಬಾಯಾರ? ಬರದದ್ದು ಅಲ್ಲೇ ಇರ್ತಿತ್ತು."

ಬೆಳಗಿನ ಎಂಟರ ಬಸ್ಸು ಹಿಡಿದು ಬಂದವಳು ಸಂಜೆ ಬರಿಗೈಯಲ್ಲಿ ಹೋದೆ. ಮರುದಿನದಿಂದ ಪ್ರತಿ ಹತ್ತು ನಿಮಿಷಕ್ಕೆ ಒಮ್ಮೆ ನನ್ನ ಕೈಗಡಿಯಾರ ನೋಡಿ "ಸೇವ್" ಎಂದು ಹೇಳತೊಡಗಿದೆ, ರೋಗಿಗೆ ಗುಳಿಗೆ ಕೊಟ್ಟ ಹಾಗೆ. ಅವರೂ ತಪ್ಪದೆ ಒತ್ತಿದರು.

ಮೂರನೆಯ ದಿನ ಮುಖ್ಯ ಕೆಲಸಕ್ಕೆ ಬಂದೆವು. ಅತ್ತೆಯ ಹೆಸರು ಎಲ್ಲಿ ಇಡುವುದು?

ಪರದೆಯ ಮೇಲಿನ ನಕಾಶೆ ಒಂದು ಉದ್ದ ಹಾಳೆಯಂತಿತ್ತು. ಕೆಳಗಿನಿಂದ ಮೇಲಕ್ಕೆ ಡಬ್ಬಿಯ ಒಂದು ಗೋಡೆ, ತಳ, ಇನ್ನೊಂದು ಗೋಡೆ, ಅದರ ಮೇಲೆ ಮುಚ್ಚಳ, ಎಲ್ಲಕ್ಕಿಂತ ಮೇಲೆ ನಾಲ್ಕು ಬೆರಳಗಲದ ಒಂದು ಪಟ್ಟಿ. ಸಾಹೇಬರು ಹೆಸರನ್ನು ಮುಚ್ಚಳದ ಮೇಲೆ, ಹೋಳಿಗೆ ಎಂಬ ಅಕ್ಷರದ ಕೆಳಗೆ ಇಟ್ಟಿದ್ದರು. ನನಗೆ ಸರಿಬರಲಿಲ್ಲ. ಲಗ್ನಪತ್ರಿಕೆ ಇರಲಿ, ಮನೆಯ ಲೆಕ್ಕದ ವಹಿ ಇರಲಿ, ಊರಿಗೆ ಬರೆಯುವ ಕಾಗದವೇ ಇರಲಿ, ನಮ್ಮಲ್ಲಿ ದೇವರೂ ಹಿರಿಯರೂ ಹಾಳೆಯ ತಲೆಯ ಮೇಲೆ. ಮಿಕ್ಕದ್ದೆಲ್ಲ ಅವರ ಕೆಳಗೆ. ಕಾಕಾ ಮರ್ಯಾದೆ ಎಂದದ್ದು ಇದನ್ನೇ ಅಲ್ಲವೇ?

"ಹೆಸರು ಹೋಳಿಗಿ ಕೆಳಗ ಬ್ಯಾಡ್ರಿ. ಎಲ್ಲಾದಕ್ಕಿಂತ ಮ್ಯಾಲ ಇರ್ಲಿ, ಆ ತುದಿ ಪಟ್ಟೀ ಮ್ಯಾಲ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಆ ಪಟ್ಟಿ ಮಡಚತೈತಿ ಅನಸ್ತೈತ್ರಿ. ಚುಕ್ಕಿ ಗೆರಿ ಐತಿ ನೋಡ್ರಿ."

"ಚುಕ್ಕಿ ಗೆರಿ ಎಲ್ಲಾ ಕಡೆ ಐತಿ. ಲಗ್ನಪತ್ರಿಕೀನೂ ಮಡಚತಾರ. ಅದಕ್ಕಂತ ದೇವರನ್ನ ಕೆಳಗ ಇಡ್ತಾರೇನ್ರಿ?"

"ಅದೂ ಖರೆ," ಎಂದರು. ಅವರಾದರೂ ಯಾರ ಅಂಗಡಿಯ ಬೋರ್ಡಾದರೂ ಮೊದಲು ಆ ಮನೆಯ ದೇವರ ಹೆಸರನ್ನು ತಲೆಯಲ್ಲಿ ಬರೆದು, ಆಮೇಲೆ ಕುಂಚವನ್ನು ಕೆಳಗಿಳಿಸಿದವರು. ಬೋರ್ಡು ಮಡಚುವುದಿಲ್ಲ. ಹೆಸರು ಮೇಲೇರಿತು. ತಾವಾಗಿಯೇ ಅದರ ಎರಡೂ ಬದಿಗೆ ಒಂದೊಂದು ಕಮಲ ಬಿಡಿಸಿದರು. ಚೆಂದ ಕಂಡಿತು. ಇಬ್ಬರೂ ಸ್ವಲ್ಪ ಹಿಂದೆ ಸರಿದು ನೋಡಿ ತಲೆದೂಗಿದೆವು. ಆ ತಲೆದೂಗಿದ್ದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಫ್ಲಾಪಿ ಹಿಡಿದು ಹುಕ್ಕೇರಿಗೆ ಹೋದೆ. ಪ್ರೆಸ್ಸಿನವರು ತಮ್ಮ ಕಂಪ್ಯೂಟರಿನಲ್ಲಿ ತೆರೆದರು. ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ಮಾತೋಶ್ರೀ ಇದ್ದಲ್ಲಿ ಇಂಗ್ಲಿಷಿನ ಮುರಿದ ಅಕ್ಷರಗಳು, ಪ್ರಶ್ನಾರ್ಥಕ, ನಕ್ಷತ್ರ. ಸನ್ನಿ ಹಿಡಿದ ರೋಗಿಯ ಮಾತಿನ ಹಾಗೆ.

"ನಮ್ಮ ಕಂಪ್ಯೂಟರಿನ್ಯಾಗ ಆ ಅಕ್ಷರದ ಜಾತಿ ಇಲ್ರಿ," ಎಂದರು ಪ್ರೆಸ್ಸಿನ ಮಾಲೀಕರು, ಏನೂ ಆಗಿಲ್ಲದವರಂತೆ. "ಅಕ್ಷರನೆಲ್ಲಾ ಚಿತ್ರ ಮಾಡಿಸ್ಕೊಂಡು ಬರ್ರಿ. ಆದ್ರ ಒಮ್ಮೆ ಚಿತ್ರ ಆತಂದ್ರ ಮತ್ತ ತಿದ್ದಾಕ ಬರೂದಿಲ್ಲ. ನೋಡ್ಕೊಂಡು ಮಾಡ್ರಿ."

"ಇದನ್ನ ಮೊದಲನೇ ದಿನ ಹೇಳಬಾರದಿತ್ತೇನ್ರಿ?"

"ನೀವು ಕೇಳಲಿಲ್ಲಲ್ರಿ."

ಮತ್ತೆ ಗೋಕಾಕ. ತಿದ್ದಲು ಬರುವುದಿಲ್ಲ ಎಂಬ ಮಾತು ನನ್ನೊಳಗಿನ ನರ್ಸನ್ನು ಎಬ್ಬಿಸಿತು. ಸಾಹೇಬರನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನಾನು ಕೂತೆ. ಅಕ್ಷರ ಅಕ್ಷರವಾಗಿ ಓದಿದೆ. ಚಿತ್ರ ಮಾಡುವ ಮೊದಲು ಒಮ್ಮೆ, ಮಾಡಿದ ಮೇಲೆ ಒಮ್ಮೆ, ಫ್ಲಾಪಿಗೆ ಹಾಕಿದ ಮೇಲೆ ಒಮ್ಮೆ. ಹುಕ್ಕೇರಿಯಲ್ಲಿ ಮಾದರಿ ಹಾಳೆ ತೆಗೆದು ಕೊಟ್ಟಾಗ ಅದನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ನಾಲ್ಕು ಮೂಲೆಗೂ ಭಾರ ಇಟ್ಟು, ಮತ್ತೆ ಮೂರು ಸಲ ಓದಿದೆ. ಒಂದು ತಪ್ಪಿಲ್ಲ. ಮೂರು ಕಡೆ ಸಹಿ ಹಾಕಿದೆ. ಸಹಿಯ ಕೆಳಗೆ ಗಂಟೆಯನ್ನೂ ಬರೆದೆ.

ಮೂವತ್ತನಾಲ್ಕು ವರ್ಷ ಚಾದರದ ಮೂಲೆ ಮಡಚಿದ ಹೆಂಗಸು ಆ ಹಾಳೆಯನ್ನು ಒಂದು ಸಲ ಮಡಚಿ ನೋಡಲಿಲ್ಲ.

ಹತ್ತು ದಿನ ಬಿಟ್ಟು ಐದುನೂರು ಡಬ್ಬಿ ತಯಾರಾದವು ಎಂದು ಹೇಳಿಕಳಿಸಿದರು. ಪಂಚಮಿಗೆ ಎಂಟು ದಿನ ಉಳಿದಿತ್ತು. ಡಬ್ಬಿ ತರುವ ದಿನವೇ ಸಂಜೆ ಊಟದ ಹೊತ್ತಿಗೆ ಮೊದಲ ಡಬ್ಬಿ ಕಾಕಾನ ಮುಂದೆ ಬರಬೇಕೆಂದು ಠರಾವಾಗಿತ್ತು. ಸೊಸೆ ನಸುಕಿನಲ್ಲೇ ಶೇಂಗಾ ಹುರಿಯಲು ಕೂತಿದ್ದಳು. ನಾನು ಬಸ್ ಸ್ಟ್ಯಾಂಡಿಗೆ ಹೊರಟಾಗ ಓಣಿಯ ತುದಿಯವರೆಗೂ ಆ ವಾಸನೆ ಇತ್ತು.

ಪ್ರೆಸ್ಸಿನಲ್ಲಿ ಡಬ್ಬಿಗಳನ್ನು ಇನ್ನೂ ಮಡಚದೆ, ಚಪ್ಪಟೆಯಾಗಿ ಕಟ್ಟು ಕಟ್ಟಿ ಇಟ್ಟಿದ್ದರು. ಮೇಲಿನದರ ತಲೆಯಲ್ಲಿ ಮಾತೋಶ್ರೀ ಎರಡು ಕಮಲಗಳ ನಡುವೆ ಹೊಳೆಯುತ್ತಿದ್ದರು. "ಒಂದು ಮಡಚಿ ತೋರಸ್ರಿ," ಎಂದೆ. ಮಷಿನ್ ನಡೆಸುವ ಮಧ್ಯವಯಸ್ಸಿನ ಮನುಷ್ಯ ಒಂದನ್ನೆತ್ತಿ, ಪಟ್ ಪಟ್ ಎಂದು ಗೋಡೆ ನಿಲ್ಲಿಸಿ, ಮುಚ್ಚಳ ಮುಚ್ಚಿ, ಆ ತುದಿಯ ಪಟ್ಟಿಯನ್ನು ಬೆರಳಿನಿಂದ ಒಳಕ್ಕೆ ತೂರಿಸಿ ನನ್ನ ಕೈಗಿಟ್ಟ.

ಹೆಸರು ಇರಲಿಲ್ಲ.

ತಿರುಗಿಸಿದೆ. ತಳ ನೋಡಿದೆ. ಎಲ್ಲೂ ಇರಲಿಲ್ಲ.

"ಮಾತೋಶ್ರೀ ಎಲ್ಲಿ ಹ್ವಾದ್ರು?"

"ಒಳಗ ಹ್ವಾದ್ರಲ್ರಿ. ಅದು ನಾಲಿಗಿ. ನಾಲಿಗಿ ಒಳಗ ಇರೂದು," ಎಂದ. ಆಮೇಲೆ ಡಬ್ಬಿಯನ್ನು ತಾನೂ ಒಮ್ಮೆ ನೋಡಿದ. "ಮತ್ತ ಇದರ ಬಾಯಿನೂ ಉಲ್ಟಾ ಆಗೇತಲ್ರಿ."

ಅದೂ ನಿಜ. ಅಕ್ಷರ ನೆಟ್ಟಗೆ ಓದುವ ಹಾಗೆ ಡಬ್ಬಿಯನ್ನು ನಮ್ಮ ಮುಂದೆ ಇಟ್ಟುಕೊಂಡರೆ ಮುಚ್ಚಳದ ಮಡಿಕೆ ನಮ್ಮ ಕಡೆ, ತೆರೆಯುವ ಬಾಯಿ ಆಚೆ ಕಡೆ. ಓದುವವರಿಗೆ ಬೆನ್ನು ತೋರಿಸುವ ಡಬ್ಬಿ. ಮುಚ್ಚಳದ ಅಕ್ಷರಗಳನ್ನು ನಕಾಶೆಯಲ್ಲಿ ತಲೆಕೆಳಗಾಗಿ ಕೂಡಿಸಬೇಕಿತ್ತಂತೆ. ತಲೆಕೆಳಗಾಗಿ! ನಾನು ಬದುಕಿರುವಾಗ ಒಂದು ಅಕ್ಷರವನ್ನು ತಲೆಕೆಳಗೆ ಬರೆಯಲು ಬಿಡುತ್ತಿದ್ದೆನೇ?

ಮಾಲೀಕರು ಮಾದರಿ ಹಾಳೆ ತಂದು ತೋರಿಸಿದರು. ಮೂರು ಸಹಿ. ಕೆಳಗೆ ಗಂಟೆ. "ಬೆಳಿಗ್ಗೆ ಹನ್ನೊಂದು ಹತ್ತಕ್ಕ ಒಪ್ಪೀರಿ ನೋಡ್ರಿ," ಎಂದರು. ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹೊಸದಾಗಿ ಛಾಪಿಸಲು ಕೇಳಿದೆ. ರಟ್ಟು ತೀರಿತ್ತು, ಬರಲು ಹದಿನೈದು ದಿನ. ಪಂಚಮಿ ಕಳೆದಿರುತ್ತದೆ, ಅಂಗಡಿಯವರ ಮುಂದಿನ ಸಾಲು ಬೇರೆಯವರಿಗೆ ಹೋಗಿರುತ್ತದೆ. ಅದಕ್ಕಿಂತ ಮೊದಲು ಇವತ್ತಿನ ಸಂಜೆ ಇತ್ತು. ಹೆಸರಿಲ್ಲದ ಡಬ್ಬಿಯನ್ನು ಕಾಕಾ ನೋಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ.

ಒಂದು ಕಟ್ಟು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಬೆಲ್ಲದ ಬಾಗೇವಾಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಬಾಜೂಕೆ ಕೂತು, "ಭಾಳ ಚಂದ ಅದಾವ್ರಿ ಬಾಕ್ಸ, ಮಾತೋಶ್ರೀ ಅಂದ್ರ ನಿಮ್ಮ ತಾಯಾರೇನ್ರಿ?" ಎಂದಳು. ಚಪ್ಪಟೆ ಹಾಳೆ ನೋಡಿದವರೆಲ್ಲ ಮೋಸಹೋಗುತ್ತಾರೆ ಎಂಬುದಕ್ಕೆ ಇನ್ನೊಂದು ಸಾಕ್ಷಿ. ನಾನು ಕಟ್ಟನ್ನು ಮಗುಚಿ ಹಾಕಿದೆ.

ಗೋಕಾಕದಲ್ಲಿ ಮೂಡಲಗಿಯ ಬಸ್ಸಿಗೆ ಅರ್ಧ ಗಂಟೆ ಇತ್ತು. ಸೀದಾ ಪೇಂಟರ್ ಸಾಹೇಬರ ಮುಂದೆ ಹೋಗಿ ಡಬ್ಬಿ ಮಡಚಿ ಇಟ್ಟೆ. ನಾ ಅಂದಿದ್ದೆ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಡಬ್ಬಿಯನ್ನು ಸುತ್ತಲೂ ತಿರುಗಿಸಿ, ಬಣ್ಣದ ಡಬ್ಬಗಳಿದ್ದ ಮೂಲೆಯ ಕಡೆ ನೋಡಿದರು.

"ಐದುನೂರ ಅಲ್ಲೇನ್ರಿ? ಅಷ್ಟೂ ಬಾಕ್ಸ ಇಲ್ಲಿ ಕಳಸ್ರಿ. ಮ್ಯಾಲ ನಾನ ಕುಂಚಲೆ ಹೆಸರು ಬರೀತೇನಿ. ಆರು ದಿನದಾಗ ಕೊಡ್ತೇನ್ರಿ."

"ಹೋಳಿಗಿಗೆ ಬಣ್ಣದ ವಾಸನಿ ಹಿಡೀತೈತ್ರಿ ಸಾಹೇಬ್ರ."

"ಹೌದಲ್ರಿ," ಎಂದು ಕೂತುಬಿಟ್ಟರು. ನನ್ನ ಸಿಟ್ಟೆಲ್ಲವನ್ನೂ ಅವರ ಮೇಲೆ ಸುರಿಯಬೇಕೆಂದು ಬಂದಿದ್ದೆ. ಅವರು ಐದುನೂರೂ ಬರೆದುಕೊಡುತ್ತೇನೆ ಎಂದ ಮೇಲೆ ಅದಕ್ಕೂ ದಾರಿ ಇಲ್ಲದಾಯಿತು. ಬಸ್ಸಿನ ಹೊತ್ತಾಗಿತ್ತು, ಎದ್ದು ಬಂದೆ.

ಮೂಡಲಗಿ ಮುಟ್ಟಿದಾಗ ಹೊತ್ತು ಬಾಗಿತ್ತು. ಕಾಕಾನ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಅವರು ಆಗಲೇ ಕೈಕಾಲು ತೊಳೆದು ಪಡಸಾಲೆಯ ಮಣೆಯ ಮೇಲೆ ಕೂತಿದ್ದರು. ಸೊಸೆ ಹತ್ತು ಹೋಳಿಗೆಯನ್ನು ತಟ್ಟೆಯಲ್ಲಿ ಜೋಡಿಸಿ ಬಟ್ಟೆ ಮುಚ್ಚಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿ ಅವಳ ಮುಖ ಇಳಿಯಿತು.

"ಕಾಕಾ, ಮೊದಲ ನನ್ನ ಮಾತು ಕೇಳ್ರಿ," ಎಂದೆ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ಸುತ್ತುಬಳಸಬಾರದು, ಅದೂ ತರಬೇತಿಯ ಪಾಠವೇ. "ಬಾಕ್ಸ ತಪ್ಪಾಗೇತಿ. ಹೆಸರು ಮ್ಯಾಲ ಇರಬೇಕಂತ ನಾನ ಹಟಾ ಹಿಡದು ತುದಿಗೆ ಹಾಕಿಸಿದೆ. ಮಡಚಿದ ಮ್ಯಾಲ ಹೆಸರು ಒಳಗ ಹೋಗೇತಿ. ಹೊರಗ ಕಾಣೂದಿಲ್ಲ. ಬಾಯಿನೂ ಉಲ್ಟಾ ಐತಿ. ತಪ್ಪು ನಂದು. ನಿಮ್ಮ ಸೊಸೀದಲ್ಲ."

ಕಾಕಾ ನನ್ನನ್ನು ನೋಡಿದರು. "ಮೊದಲ ತರ್ರಿ. ನೋಡೂನು," ಎಂದರು.

ಸೊಸೆ ಡಬ್ಬಿ ಮಡಚಿದಳು. ಹೋಳಿಗೆಗಳನ್ನು ಒಳಗಿಟ್ಟು ಮುಚ್ಚಿದಳು. ಯಾರಿಗಾದರೂ ಏನಾದರೂ ಕೊಡುವಾಗ ಅವರಿಗೆ ಓದಲು ಬರುವ ಹಾಗೆ ಇಡುವುದು ರೂಢಿ. ಹಾಗೇ ಇಟ್ಟಳು, ಅಕ್ಷರ ಕಾಕಾನ ಕಡೆ ಮಾಡಿ. ತಾನು ಎದುರಿಗೆ ನೆಲದ ಮೇಲೆ ಕೂತಳು. ಕಾಕಾ ಶೇಂಗಾ ಹೋಳಿಗೆ ಎಂಬುದನ್ನು ಓದಿದರು, ತೂಕ ಓದಿದರು. ಬೆರಳಿನಿಂದ ಅಂಚು ಸವರಿ ನೋಡಿದರು. ಹೊರಗೆ ಬೆಳಕು ಕಡಿಮೆಯಾಗುತ್ತಿತ್ತು.

"ತಗೀ," ಎಂದರು ಸೊಸೆಗೆ. "ಹೊತ್ತು ಮುಳಗತೈತಿ."

ಡಬ್ಬಿಯ ಬಾಯಿ ಅವಳ ಕಡೆ ಇತ್ತು. ಅವಳು ನಾಲಿಗೆಯನ್ನು ಹಿಡಿದು ಮೇಲಕ್ಕೆಳೆದಳು. ಮುಚ್ಚಳ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು. ಅದರ ಮುಖ ಕಾಕಾನ ಕಡೆ, ಎಲ್ಲಕ್ಕಿಂತ ಮೇಲೆ ಆ ಪಟ್ಟಿ, ಎರಡು ಕಮಲ, ನಡುವೆ ಮಾತೋಶ್ರೀ. ನಾನು ಪರದೆಯ ಮೇಲೆ ಕೂಡಿಸಿದ್ದ ಹಾಗೆಯೇ, ನೆಟ್ಟಗೆ, ತಲೆಯ ಮೇಲೆ. ಮುಚ್ಚಳದ ಮರೆಯಿಂದ ಸೊಸೆಯ ಕೈ ಬಂದು ಒಂದು ಹೋಳಿಗೆಯನ್ನು ಅವರ ತಟ್ಟೆಗೆ ಹಾಕಿತು.

ಕಾಕಾ ಬಹಳ ಹೊತ್ತು ಓದಿದರು. ಅಷ್ಟು ಹೊತ್ತು ಓದುವಂಥದ್ದು ಅಲ್ಲಿ ಏನಿತ್ತು, ಒಂದು ಹೆಸರು.

"ಮುಚ್ಚು," ಎಂದರು. ಸೊಸೆ ಮುಚ್ಚಿದಳು. ಹೆಸರು ಒಳಗೆ ಹೋಯಿತು. "ಮತ್ತ ತಗೀ." ತೆಗೆದಳು. ಬಂತು.

"ಆಕಿನೂ ಹಿಂಗ ಇದ್ಲು," ಎಂದರು. "ಮಂದಿ ಬಂದ್ರ ಮುಂದ ಬರ್ತಿದ್ದಿಲ್ಲ. ನೀಡೂ ಹೊತ್ತಿಗೆ ಬರಾಕಿ."

"ಕಾಕಾ, ಮುಂದಿನ ಸಲ ಸರಿ ಮಾಡಿಸ್ತೇನ್ರಿ. ಹೆಸರು ಮುಚ್ಚಳದ ಮ್ಯಾಲ ಹೊರಗ ಬರೂವಂಗ..."

"ಏನೂ ಸರಿ ಮಾಡಬ್ಯಾಡ್ರಿ ಬಾಯಾರ. ಅಂಗಡ್ಯಾಗ ಮ್ಯಾಲಿದ್ರ ಧೂಳ ಕೂಡತೈತಿ, ನೊಣ ಕೂಡತಾವು, ಬಂದವ್ರೆಲ್ಲಾ ಕೈಬೆರಳ ಇಡ್ತಾರ. ಅದ ನನಗ ಚಿಂತಿ ಇತ್ತು. ಒಳಗ ಇರ್ಲಿ." ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿದು ನುಂಗಿ ಸೊಸೆಯ ಕಡೆ ತಿರುಗಿದರು. "ಶೇಂಗಾ ಇನ್ನೊಂದೀಟ ಹುರೀಬೇಕಿತ್ತು. ನಾಳಿಂದು ನೋಡ್ಕೊಂಡು ಮಾಡು."

ನಾಳಿಂದು ಎಂದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡು ಅಡುಗೆಮನೆಗೆ ಎದ್ದು ಹೋದಳು. ಮರುದಿನ ನಸುಕಿಗೆ ಅವಳ ಒಲೆ ಹೊತ್ತಿತು. ಪಂಚಮಿಗೆ ಮಿಕ್ಕ ಡಬ್ಬಿಗಳೆಲ್ಲ ಹೋಳಿಗೆ ತುಂಬಿಕೊಂಡು ಹುಕ್ಕೇರಿಗೆ ಹೋದವು. ಅಂಗಡಿಯವರು ಮಾತ್ರ, "ಬಾಯಿ ಆಚೆ ಕಡೆ ಯಾಕೈತ್ರಿ?" ಎಂದು ಕೇಳಿದರು. "ಕೊಡೂವವ್ರು ತಗೀಬೇಕು, ತಗೊಳ್ಳೂವವ್ರು ಓದಬೇಕು ಅಂತ್ರಿ," ಎಂದು ಅವಳೇ ಉತ್ತರ ಕೊಟ್ಟಳಂತೆ, ಮೊದಲಿನಿಂದ ಹಾಗೇ ಠರಾಯಿಸಿದ್ದ ಹಾಗೆ.

ನನ್ನ ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳಲು ಒಬ್ಬರೂ ಉಳಿಯಲಿಲ್ಲ. ಓಣಿಯಲ್ಲಿ ನನ್ನನ್ನು ಹೊಗಳಿದರು. ಪೇಂಟರ್ ಸಾಹೇಬರು ಆ ಡಬ್ಬಿಯನ್ನು ತಮ್ಮ ಅಂಗಡಿಯಲ್ಲಿ ಮಾದರಿಯೆಂದು ತೆರೆದೇ ಇಟ್ಟರು. ವಾರ್ಡಿನಲ್ಲಿ ಇಂಥ ತಪ್ಪಾಗಿದ್ದರೆ ನಾನು ಲಿಖಿತ ವಿವರಣೆ ಕೇಳುತ್ತಿದ್ದೆ.

ಸಿಟ್ಟು ಆರದ ಕಾರಣ ಇದು. ಡಬ್ಬಿ ಮುಗಿದು ಹೊಸದಾಗಿ ಛಾಪಿಸುವಾಗಲೆಲ್ಲ ಹುಕ್ಕೇರಿಯಿಂದ ಫೋನು ಬರುತ್ತದೆ. ಪ್ರೆಸ್ಸಿನಲ್ಲಿ ಜನ ಬದಲಾಗುತ್ತಾರೆ, ಪ್ರತಿ ಸಲ ಹೊಸಬರು.

"ಮೇಡಂ, ನಿಮ್ಮ ಡಿಸೈನಿನ್ಯಾಗ ದೊಡ್ಡ ತಪ್ಪು ಐತ್ರಿ. ಹೆಸರು ನಾಲಿಗೀ ಮ್ಯಾಲ ಬಂದೈತಿ. ಮುಚ್ಚಳಾನೂ ಉಲ್ಟಾ ಐತಿ. ಸರಿ ಮಾಡಿ ಬಿಡ್ಲೇನ್ರಿ?"

"ಮುಟ್ಟಬ್ಯಾಡ್ರಿ," ಎನ್ನುತ್ತೇನೆ. "ಇದ್ದಂಗ ಇರ್ಲಿ."

ಮಾದರಿ ಹಾಳೆ ಬಂದಾಗ ಮಡಚಿ ನೋಡುತ್ತೇನೆ. ತೆರೆದು ನೋಡುತ್ತೇನೆ. ಮತ್ತೆ ಚಪ್ಪಟೆ ಹರಡಿ ಮೂರು ಸಲ ಓದಿ, ತಪ್ಪು ಇದ್ದಲ್ಲೇ ಇದೆ, ಯಾರೂ ತಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕುತ್ತೇನೆ. ಕೆಳಗೆ ಗಂಟೆಯನ್ನೂ ಬರೆಯುತ್ತೇನೆ.